ಹದಿನಾರನೆಯ ಉಂಡೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೊಟ್ಟೆ ಇಡುವ ಮೀನಿಗೆ 61 ದಿನ ನೆಮ್ಮದಿ. ಆ 61 ದಿನ ಕಾರವಾರದ ಮನೆಗಳಲ್ಲಿ ಮಾತ್ರ ನೆಮ್ಮದಿ ಇರುವುದಿಲ್ಲ. ನಾಡದೋಣಿಯವರು ತಂದ ನಾಲ್ಕು ಮೀನಿನ ರೇಟು ಕೇಳಿದರೆ, ಬುಟ್ಟಿ ಮುಂದೆ ಬಗ್ಗಿದವರು ತಾವಾಗಿಯೇ ನೆಟ್ಟಗಾಗುತ್ತಾರೆ. ಮನೆಯಲ್ಲಿ ಆಯಿ ಒಣ ಬಂಗಡೆಯ ಡಬ್ಬ ತೆಗೆಯುತ್ತಾಳೆ. ಮೊದಲ ವಾರ ರುಚಿ. ಎರಡನೇ ವಾರ ಪರವಾಗಿಲ್ಲ. ಜುಲೈ ಹೊತ್ತಿಗೆ ಡಬ್ಬದ ಮುಚ್ಚಳದ ಸದ್ದಾದರೆ ಸಾಕು, ಎಲ್ಲರಿಗೂ ಬೇರೆ ಕೋಣೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಅಂಥ ಒಂದು ಭಾನುವಾರ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಮಗಳು "ಪಪ್ಪಾ, ಮೀಟ್‌ಬಾಲ್ ಸ್ಯಾಂಡ್‌ವಿಚ್ ಮಾಡೋಣ" ಅಂದಳು. ಖೀಮಾ ಉಂಡೆ ಕಟ್ಟಿ, ಹುರಿದು, ಟೊಮೆಟೊ ಸಾಸಿನಲ್ಲಿ ಬೇಯಿಸಿ, ಉದ್ದ ಬ್ರೆಡ್ಡಿನೊಳಗೆ ತುಂಬಿ, ಮೇಲೆ ಚೀಸ್ ಕರಗಿಸಿ ಬಿಸಿಬಿಸಿ ತಿನ್ನುವುದು. ಕೇಳಲು ಇಷ್ಟೇ.

"ಯಾವ ಊರಿನ ತಿಂಡಿ ಅದು?" ಆಯಿ ವಿಚಾರಣೆ ಶುರು ಮಾಡಿದಳು.

"ಇಟಲಿ ಅಜ್ಜಿ. ಆದ್ರೆ ಇಟಲಿಯಲ್ಲಿ ಹೀಗೆ ತಿನ್ನಲ್ಲ."

ಅಲ್ಲಿ ಪೋಲ್ಪೆತ್ತೆ ಅಂತ ಸಣ್ಣ ಉಂಡೆ ಮಾಡಿ ಹಾಗೇ ತಿನ್ನುತ್ತಾರಂತೆ. 19ನೇ ಶತಮಾನದ ಕೊನೆಯಲ್ಲಿ, 20ನೆಯದರ ಶುರುವಿನಲ್ಲಿ, ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದವರಿಗೆ ಅಲ್ಲಿ ಮಾಂಸ ಅಗ್ಗಕ್ಕೆ ಸಿಕ್ಕಿತು. ಉಂಡೆ ದೊಡ್ಡದಾಯಿತು. ಆಮೇಲೆ ಬ್ರೆಡ್ಡಿನೊಳಗೂ ಹೊಕ್ಕಿತು. ಆಯಿ ಪೂರ್ತಿ ಕೇಳಿಸಿಕೊಂಡಳು. "ಅಂದ್ರೆ ಅವರ ಊರಲ್ಲೇ ಮಾಡದ್ದನ್ನ ನಾವು ಮಾಡ್ಬೇಕು. ಮಾಡು ತಮಾ, ಮಾಡು." ಈ ಎರಡನೇ 'ಮಾಡು' ಇದೆಯಲ್ಲ, ಅದನ್ನು ಬಲ್ಲವರೇ ಬಲ್ಲರು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಪಾತ್ರೆ ಯಾರು ತೊಳೀತೀರಿ?"

ಮಳೆಯಲ್ಲಿ ಛತ್ರಿ ಹಿಡಿದು ಮಟನ್ ಅಂಗಡಿಗೆ ಹೋದೆ. ಅರ್ಧ ಕಿಲೋ ಖೀಮಾ. ಅಂಗಡಿಯವನು ಹಳೇ ಪರಿಚಯ. "ನಿಮಗೆ ಅಂತ ಚರ್ಬಿ ಒಂದು ಚೂರೂ ಬಿಡದೆ ತೆಗೆದಿದ್ದೇನೆ ಸರ್" ಅಂದ. ಹೆಮ್ಮೆಯಿಂದ ಮನೆಗೆ ಬಂದೆ. ಮಗಳು ಪೊಟ್ಟಣ ಬಿಚ್ಚಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡಳು. ಉಂಡೆ ಮೆತ್ತಗಾಗಬೇಕಾದರೆ ನೂರಕ್ಕೆ ಇಪ್ಪತ್ತು ಪಾಲು ಚರ್ಬಿ ಇರಬೇಕಂತೆ. ಇಲ್ಲದಿದ್ದರೆ ಬೆಂದ ಮೇಲೆ ಒಣಗಿ ಹೋಗುತ್ತದಂತೆ.

ಮತ್ತೆ ಛತ್ರಿ. ಮತ್ತೆ ಅಂಗಡಿ. ಅಷ್ಟರಲ್ಲಿ ಹತ್ತು ಜನರ ಸಾಲು.

"ಆಗ ತೆಗೆದ ಚರ್ಬಿ ಇದೆಯಾ?" ಮೆಲ್ಲಗೆ ಕೇಳಿದೆ. ಅವನಿಗೆ ಕೇಳಿಸಲಿಲ್ಲ. ಜೋರಾಗಿ ಕೇಳಿದೆ. ಸಾಲಿಗೆಲ್ಲ ಕೇಳಿಸಿತು.

"ಮಂಡಿನೋವಿಗಾ?" ಹಿಂದಿದ್ದವರೊಬ್ಬರು ಮರುಕದಿಂದ ಕೇಳಿದರು. ಉಂಡೆ, ಇಟಲಿ, ಅಮೆರಿಕ ಎಲ್ಲ ಅಲ್ಲಿ ನಿಂತು ವಿವರಿಸುವುದಕ್ಕಿಂತ "ಹೌದು" ಅನ್ನುವುದೇ ಸುಲಭ ಅನ್ನಿಸಿತು. ಸೋಮವಾರ ಆಫೀಸಿನಲ್ಲಿ ಇಬ್ಬರು ನನ್ನ ಮಂಡಿ ಹೇಗಿದೆ ಅಂತ ಕೇಳಿದರು. ಕಾರವಾರ ಅಷ್ಟೇ ದೊಡ್ಡದು.

ಉದ್ದ ಬ್ರೆಡ್ ಎಲ್ಲೂ ಸಿಗಲಿಲ್ಲ. ಪಾವ್ ತಂದೆ. ಪಾವ್ ಅನ್ನುವ ಹೆಸರೇ ಪೋರ್ಚುಗೀಸರದ್ದು, ಹಾಗಾಗಿ ಯುರೋಪಿಗೆ ಅರ್ಧ ದಾರಿ ಬಂದ ಹಾಗಾಯಿತು ಅಂತ ಸಮಾಧಾನ ಮಾಡಿಕೊಂಡೆ. ಗಡಿಯಾಚೆ ಗೋವಾದಲ್ಲಿ ಸಿಗುವ ಗಟ್ಟಿ ಸಿಪ್ಪೆಯ ಉಂಡೊ ಆಗಿದ್ದರೆ ಸಾಸನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿತ್ತು. ನಮ್ಮ ಪಾವ್ ಭಾರಿ ಮೆದು. ಮಳೆಗಾಲದ ಗಾಳಿಗೇ ತೊಯ್ದು ಕೂತಿರುತ್ತದೆ.

ಇನ್ನು ಉಂಡೆಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ ಹಾಕಬೇಕು. ಪಾವ್ ಯಾಕೆ ಹಾಳು ಮಾಡುವುದು ಅಂತ ನಾನು ಡಬ್ಬದಲ್ಲಿದ್ದ ಟೋಸ್ಟ್ ಪುಡಿ ಮಾಡಿ ಹಾಲಿಗೆ ಹಾಕಿದೆ. ಚಹಾಕ್ಕೆ ಅದ್ದಿ ತಿನ್ನುವ ಟೋಸ್ಟ್. ಸಿಹಿ. ಮೇಲಿಂದ ಏಲಕ್ಕಿ. ಖೀಮಾ, ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಏಲಕ್ಕಿಯ ಘಮ ಹಬ್ಬಿದಾಗ ಆಯಿ ದೇವರ ಕೋಣೆಯಿಂದಲೇ ಕೂಗಿದಳು: "ಶಿರಾ ಮಾಡ್ತಿದ್ಯಾ ತಮಾ?"

ಚರ್ಬಿಗೆ ಅಷ್ಟು ಒದ್ದಾಡಿದ ಮೇಲೆ ಉಂಡೆ ಮೆತ್ತಗಾಗಲೇಬೇಕಿತ್ತು. ಆದರೆ ಉಪ್ಪು ಹಾಕಿ ನಾನು ಅದನ್ನು ಚಪಾತಿ ಹಿಟ್ಟಿನ ಹಾಗೆ ಹತ್ತು ನಿಮಿಷ ನಾದಿದೆ. ಸುಮ್ನೆ, ಮಿಕ್ಸ್ ಚೆನ್ನಾಗಿ ಆಗಲಿ ಅಂತ. ಉಪ್ಪು ಬಿದ್ದ ಖೀಮಾವನ್ನು ನಾದಿದಷ್ಟೂ ಅದು ಅಂಟಾಗಿ ಬಿಗಿಯುತ್ತದಂತೆ. ಬೆರಳ ತುದಿಯಲ್ಲಿ ಕಲಸಿ ಬಿಟ್ಟುಬಿಡಬೇಕಂತೆ. ಈ 'ಅಂತೆ'ಗಳೆಲ್ಲ ಮಗಳು ಮೊಬೈಲಿನಲ್ಲಿ ಓದಿ ಹೇಳಿದ್ದು, ಪ್ರತಿ ಸಲವೂ ಕೆಲಸ ಮುಗಿದ ಮೇಲೆ.

ನಿಂಬೆಹಣ್ಣಿನ ಗಾತ್ರದ ಹದಿನಾರು ಉಂಡೆ ಆದವು. ಎರಡು ಸಲ ಎಣಿಸಿದ್ದೇನೆ. ನಾಲ್ಕು ಜನಕ್ಕೆ ತಲಾ ನಾಲ್ಕು. ಬಾಣಲೆಯಲ್ಲಿ ಹುರಿದು ತಟ್ಟೆಗೆ ತೆಗೆಯುತ್ತಿದ್ದೆ, ಕರೆಂಟ್ ಹೋಯಿತು. ಜುಲೈನಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ, ಬಂದರೆ ಸುದ್ದಿ. ಹೊರಗೆ ಮೋಡ ಕವಿದು ಮಧ್ಯಾಹ್ನವೇ ರಾತ್ರಿಯಾಗಿತ್ತು. ಮಗಳು ಟಾರ್ಚ್ ಹುಡುಕಿದಳು, ಹೆಂಡತಿ ಮೇಣದಬತ್ತಿ ಹುಡುಕಿದಳು, ನಾನು ತಟ್ಟೆ ಹಿಡಿದು ಕತ್ತಲಲ್ಲಿ ನಿಂತೆ.

ಬೆಳಕು ಬಂದಾಗ ಸಾಸು ಕುದಿಯುತ್ತಿತ್ತು. ಅದಕ್ಕೆ ಬೇಸಿಲ್ ಎಲೆ ಬೇಕು ಅಂತ ಮಗಳು ಕತ್ತರಿ ಹಿಡಿದು ಅಂಗಳಕ್ಕೆ ಇಳಿದಳು. "ತುಳಸಿನೂ ಅದೇ ಜಾತಿ ಪಪ್ಪಾ." ಅವಳು ತುಳಸಿಕಟ್ಟೆ ಮುಟ್ಟುವ ಮೊದಲೇ ಆಯಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. ಮಟನ್ನಿಗೆ ತುಳಸಿ! ಸಿಟ್ಟು ಇಳಿದ ಮೇಲೆ ಆಯಿಯೇ ಬಾವಿಯ ಹಿಂದೆ ಹೋಗಿ ಒಂದು ಹಿಡಿ ಕಾಮಕಸ್ತೂರಿ ಕಿತ್ತು ತಂದಳು. ಬೇಸಿಲ್ ಅಂದರೆ ಅದೇ. ಫಾಲೂದಾದಲ್ಲಿ ಕಪ್ಪಗೆ ಜಾರುವ ಬೀಜ ಇದೆಯಲ್ಲ, ಅದರ ಗಿಡ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಡಬ್ಬದಲ್ಲಿ ದುಡ್ಡು ಕೊಟ್ಟು ತರುವ ಎಲೆಗೆ ನಮ್ಮ ಹಿತ್ತಲಲ್ಲಿ ಕೋಳಿ ಕೂಡ ಮರ್ಯಾದೆ ಕೊಡುವುದಿಲ್ಲ. ಆ ಇಡೀ ದಿನದಲ್ಲಿ ಸರಿಯಾಗಿ ಆಗಿದ್ದು ಅದೊಂದೇ.

ಚೀಸಿನ ಕತೆ ಬೇಡ. ಮೊಟ್ಸರೆಲ್ಲಾ ಆದರೆ ನೂಲಿನ ಹಾಗೆ ಎಳೆಯುತ್ತದೆ. ನನಗೆ ಸಿಕ್ಕಿದ್ದು ಸ್ಲೈಸ್. ಅದು ಕರಗಿ ಹಳದಿ ಪೇಂಟಿನ ಹಾಗೆ ಕೂತಿತು.

ಊಟಕ್ಕೆ ಕೂತೆವು. ಪಾವಿನೊಳಗೆ ಸಾಲಾಗಿ ಉಂಡೆ ಇಟ್ಟು ಹೆಂಡತಿ ಮೊದಲ ತುತ್ತು ಕಚ್ಚಿದಳು. ಈ ಕಡೆ ಹಲ್ಲು ಊರಿದ್ದೇ ತಡ, ಆ ಕಡೆಯಿಂದ ಒಂದು ಉಂಡೆ ಹೊರಗೆ ಜಿಗಿದು ನೇರ ನನ್ನ ಬಿಳಿ ಪಂಚೆಗೆ ಬಂತು. ನಾನು ಅದನ್ನು ಹಿಡಿಯಲು ಬಗ್ಗಿದಾಗ ನನ್ನ ಪಾವಿನ ತಳವೇ ಸಾಸಿಗೆ ಕರಗಿ ಉಳಿದದ್ದೂ ಬಿತ್ತು. ಗುಂಡಗಿರುವುದನ್ನು ಮೆತ್ತಗಿರುವುದರ ಮೇಲೆ ನಿಲ್ಲಿಸಿ ಜಾರುವುದನ್ನು ಸವರಿದರೆ ಇನ್ನೇನಾಗುತ್ತದೆ? ವಡಾಪಾವ್ ಮಾರುವವರು ವಡೆಯನ್ನು ಒತ್ತಿ ಚಪ್ಪಟೆ ಮಾಡುವುದಕ್ಕೆ ಕಾರಣ ಇದೆ. "ಉಂಡೆ ಅರ್ಧ ಮಾಡಿ ಮಗುಚಿ ಇಡಬೇಕಂತೆ, ಪಾವ್ ಒಳಗಡೆ ಮೊದಲೇ ಕಾಯಿಸಬೇಕಂತೆ" ಅಂತ ಮಗಳು ಮೊಬೈಲ್ ನೋಡಿ ಓದಿದಳು. ಯಥಾಪ್ರಕಾರ.

ಆಯಿ ಈ ಯಾವ ತಂಟೆಗೂ ಹೋಗಲಿಲ್ಲ. ಒಂದು ಉಂಡೆಯನ್ನು ಚಮಚದಿಂದ ಒತ್ತಿದಳು. ಅದು ಒತ್ತಲಿಲ್ಲ. ಎರಡು ಸಲ ಒತ್ತಿ, "ಗೋಟಡಕೆ" ಅಂದು, ಸಾಸಿಗೆ ಪಾವ್ ಅದ್ದಿ ತಿಂದು, ಇನ್ನೊಂದು ಪಾವ್ ಕೇಳಿದಳು. ಸಾಸು ಅವಳ ಕಾಮಕಸ್ತೂರಿಯದ್ದಲ್ವಾ.

ಆಗಲೇ ಲೆಕ್ಕ ತಪ್ಪಿದ್ದು ಗೊತ್ತಾಯಿತು. ನನ್ನ ಪಾಲಿಗೆ ಮೂರೇ ಉಂಡೆ. ಪಂಚೆಗೆ ಬಂದದ್ದು ಹೆಂಡತಿಯ ಖಾತೆಯದ್ದು, ಅದು ಬೇರೆ. ಒಟ್ಟು ಹದಿನೈದು. ಕತ್ತಲಲ್ಲಿ ಬಾಣಲೆ ಹತ್ತಿರ ಓಡಾಡಿದವಳು ಮಗಳು. "ನಾನು ತಿಂದಿಲ್ಲ ಪಪ್ಪಾ" ಅಂದಳು. "ತಿಂದರೆ ತಿಂದೆ ಅನ್ನು, ಮಕ್ಕಳು ತಿನ್ನದೆ ಯಾರು ತಿನ್ನಬೇಕು" ಅಂತ ನಾನು ದೊಡ್ಡ ಮನಸ್ಸು ಮಾಡಿದೆ. ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು. ಮಾರನೇ ದಿನ ರಾತ್ರಿ ಬೆಂಗಳೂರು ಬಸ್ ಹತ್ತುವಾಗಲೂ ಮುಖ ಸಿಂಡರಿಸಿಕೊಂಡೇ ಇದ್ದಳು.

ಗುರುವಾರ ಬೆಳಿಗ್ಗೆ ಚಹಾಕ್ಕೆ ನೀರಿಡಲು ಹೋದಾಗ ಗ್ರೈಂಡರ್ ಸ್ಟ್ಯಾಂಡಿನ ಕೆಳಗಿನಿಂದ ಇರುವೆಗಳ ಸಾಲು ಕಂಡಿತು. ಸಾಲು ಹಿಡಿದು ಬಗ್ಗಿದೆ. ಗೋಡೆ ಮೂಲೆಯಲ್ಲಿ ಕೂತಿತ್ತು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: "ಸಾರಿ ಹೇಳಿ." ಹೇಳಿದೆ.

ಕಡ್ಡಿಯಿಂದ ಹೊರಗೆ ಎಳೆದು ನೋಡಿದೆ. ಏಲಕ್ಕಿಯ ಪರಿಮಳ ಹಾಗೇ ಇತ್ತು. ನಾಲ್ಕು ದಿನದಿಂದ ಅಷ್ಟು ಇರುವೆಗಳು ಸೇರಿ ದುಡಿದಿದ್ದರೂ ಉಂಡೆಗೆ ಒಂದು ತೂತು ಕೂಡ ಬಿದ್ದಿರಲಿಲ್ಲ.