ಪಿಟಿ ಮೇಡಂ ಎನ್‌ಎಫ್‌ಎಲ್‌ಗೆ ಹೋದ ದಾರಿ

ಅಮೆರಿಕನ್ ಫುಟ್‌ಬಾಲ್ ಅಂದ್ರೆ ನಮ್ಮವರ ಕಣ್ಣಿಗೆ ಹೆಲ್ಮೆಟ್ ಹಾಕಿಕೊಂಡ ದಡೂತಿ ಗಂಡಸರು ಒಬ್ಬರ ಮೇಲೊಬ್ಬರು ಬೀಳುವ ಆಟ. ತಪ್ಪೇನಿಲ್ಲ, ಅರ್ಧ ಆಟ ಅದೇ. ಆ ಗುಂಪಿನ ಸುತ್ತ ಕಪ್ಪು ಬಿಳಿ ಪಟ್ಟೆ ಅಂಗಿ ತೊಟ್ಟ ಏಳು ಜನ ಓಡಾಡುತ್ತಿರುತ್ತಾರೆ. ಸೊಂಟದಲ್ಲಿ ಹಳದಿ ಬಾವುಟ ಸಿಕ್ಕಿಸಿಕೊಂಡಿರುತ್ತಾರೆ. ತಪ್ಪು ಕಂಡರೆ ಅದನ್ನು ಎಸೆಯುವುದು ಅವರ ಕೆಲಸ. ಈಗ ಕೆಲವು ಪಂದ್ಯಗಳಲ್ಲಿ ಆ ಏಳು ಜನರಲ್ಲಿ ಒಬ್ಬರು ಹೆಂಗಸು.

ಶುರು ಮಾಡಿದ್ದು ಸಾರಾ ಥಾಮಸ್. ಮಿಸಿಸಿಪ್ಪಿ ರಾಜ್ಯದವರು. 2015ರಲ್ಲಿ ಎನ್‌ಎಫ್‌ಎಲ್, ಅಂದರೆ ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್, ಅವರನ್ನು ಕಾಯಂ ರೆಫರಿಯಾಗಿ ಸೇರಿಸಿಕೊಂಡಿತು. ಹೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಮಾಡಿರುವ ನನಗೆ ಇದರಲ್ಲಿ ಸ್ವಲ್ಪ ಜಂಬವೂ ಇದೆ. ಅವರ ಮೊದಲ ಲೀಗ್ ಪಂದ್ಯ ನಡೆದದ್ದು ನಮ್ಮ ಹೂಸ್ಟನ್‌ನಲ್ಲೇ. 2015ರ ಸೆಪ್ಟೆಂಬರ್ 13, ಟೆಕ್ಸನ್ಸ್ ಮತ್ತು ಕಾನ್ಸಸ್ ಸಿಟಿ ಚೀಫ್ಸ್ ಆಟ. 2021ರ ಫೆಬ್ರವರಿಯಲ್ಲಿ ಅವರು ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅಂಗಳಕ್ಕೂ ಇಳಿದರು. ಅಲ್ಲಿ ಅಂಪೈರಿಂಗ್ ಮಾಡಿದ ಮೊದಲ ಹೆಂಗಸು ಅವರೇ.

ಊರಲ್ಲಿರುವ ಗೆಳೆಯನಿಗೆ ಇದನ್ನು ಹೇಳಿದೆ. "ಅಮೆರಿಕ ಅಂದ್ರೆ ಹಂಗೇ ಕಣೋ, ಅಲ್ಲಿ ಎಲ್ಲರೂ ಸಮ" ಅಂದ. ನನಗೆ ಈ ಮಾತು ರುಚಿಸಲಿಲ್ಲ. ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ. ಒಬ್ಬ ಹೆಂಗಸನ್ನು ಸೇರಿಸಿಕೊಳ್ಳುವುದಕ್ಕೆ 95 ವರ್ಷ ತೆಗೆದುಕೊಂಡವರನ್ನು ಸಮಾನತೆಯ ದೊಡ್ಡ ಗುರುಗಳು ಅನ್ನೋಕಾಗುತ್ತಾ? ನಮ್ಮ ರಣಜಿ ಟ್ರೋಫಿ ಶುರುವಾಗಿದ್ದು 1934ರಲ್ಲಿ. ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ಈ ಮೂವರು ರಣಜಿ ಅಂಗಳಕ್ಕೆ ಅಂಪೈರ್‌ಗಳಾಗಿ ಇಳಿದದ್ದು 2023ರ ಜನವರಿಯಲ್ಲಿ. ಲೆಕ್ಕ ಹಾಕಿದರೆ ನಾವೇ ಒಂದು ಕೂದಲೆಳೆ ಮುಂದೆ. ಇಲ್ಲಿನ ಬೇಸ್‌ಬಾಲ್ ಇನ್ನೂ ಹಿಂದೆ. ಮೇಜರ್ ಲೀಗ್‌ನಲ್ಲಿ ಮೊದಲ ಹೆಂಗಸಾಗಿ ಜೆನ್ ಪಾವೊಲ್ ಅಂಪೈರ್ ಆಗಿ ನಿಂತದ್ದು 2025ರ ಆಗಸ್ಟ್‌ನಲ್ಲಿ, ಅಂದರೆ ಮೊನ್ನೆ ಮೊನ್ನೆ. ಅವರಿಗಿಂತ ಮುಂಚೆ ಪ್ಯಾಮ್ ಪೋಸ್ಟೆಮಾ ಅನ್ನುವವರು ಕೆಳಗಿನ ಲೀಗ್‌ಗಳಲ್ಲಿ 13 ಸೀಸನ್ ದುಡಿದಿದ್ದರು. 1989ರಲ್ಲಿ ಅವರನ್ನು ಮನೆಗೆ ಕಳಿಸಿದರು.

ಹಾಗಾಗಿ ಮನಸ್ಸಿನ ದೊಡ್ಡತನದ ಮಾತು ಬಿಡಿ. ಅಮೆರಿಕದಲ್ಲಿ ನನಗೆ ಹಿಡಿಸಿದ್ದು ಬೇರೆ. ಇಲ್ಲಿ ನೆಲದಿಂದ ಮೇಲಿನವರೆಗೂ ಒಂದು ಏಣಿ ಇದೆ. ಮೆಟ್ಟಿಲು ಕಡಿದಾಗಿದ್ದರೂ ಮಧ್ಯದಲ್ಲಿ ಮುರಿದಿಲ್ಲ.

ಥಾಮಸ್ ಅವರದ್ದನ್ನೇ ನೋಡಿ. ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು. ಆಮೇಲೆ ಚರ್ಚಿನ ಗಂಡಸರ ಲೀಗ್‌ನಲ್ಲಿ ಆಡುತ್ತಿದ್ದರು. ಹೆಂಗಸು ಅನ್ನುವ ಕಾರಣಕ್ಕೆ ಅಲ್ಲಿಂದ ಹೊರಗೆ ಹಾಕಿದರು. ಅದೇ ಹೊತ್ತಿಗೆ ಒಡಹುಟ್ಟಿದವನು ಫುಟ್‌ಬಾಲ್ ರೆಫರಿಗಳ ಮೀಟಿಂಗ್‌ಗೆ ಹೊರಟಿದ್ದ. ಹುಡುಗಿಯರೂ ಬರಬಹುದಾ ಅಂತ ಕೇಳಿದರು, ಹೋದರು. ಅಷ್ಟೇ. ಯಾವ ಮಂತ್ರಿಯ ಶಿಫಾರಸೂ ಬೇಕಾಗಲಿಲ್ಲ. ನಿಯಮದ ಪುಸ್ತಕ ಓದಿ, ಪರೀಕ್ಷೆ ಬರೆದು, ಶುಕ್ರವಾರ ರಾತ್ರಿ ಹೈಸ್ಕೂಲ್ ಆಟಗಳಿಗೆ ಹೋಗೋಕೆ ಶುರು ಮಾಡಿದರು. ಇದು 1990ರ ದಶಕದ ಮಾತು. ದೊಡ್ಡ ಕಾಲೇಜು ಪಂದ್ಯ ಸಿಕ್ಕಿದ್ದು 2007ರಲ್ಲಿ. ಅಲ್ಲಿಂದ ಎನ್‌ಎಫ್‌ಎಲ್‌ಗೆ ಮತ್ತೆ ಎಂಟು ವರ್ಷ. ಇಷ್ಟೂ ಕಾಲ ಹೊಟ್ಟೆಪಾಡಿಗೆ ಔಷಧ ಕಂಪನಿಯ ರೆಪ್ರೆಸೆಂಟೇಟಿವ್ ಕೆಲಸ, ಮನೆಯಲ್ಲಿ ಮೂರು ಮಕ್ಕಳು.

ಈ ಶುಕ್ರವಾರ ರಾತ್ರಿಯ ಆಟ ಏನು ಅಂತ ಟೆಕ್ಸಸ್‌ಗೆ ಬಂದು ನೋಡಬೇಕು. ನಮ್ಮ ಕೇಟಿಯ ಶಾಲೆಗಳಿಗಾಗಿ 2017ರಲ್ಲಿ ಕಟ್ಟಿದ ಲೆಗಸಿ ಸ್ಟೇಡಿಯಂಗೆ ಸುಮಾರು 7 ಕೋಟಿ ಡಾಲರ್ ಖರ್ಚು ಮಾಡಿದ್ದಾರೆ. 12,000 ಜನ ಕೂರಬಹುದು. ಹೈಸ್ಕೂಲ್ ಹುಡುಗರ ಆಟಕ್ಕೆ! ನಮ್ಮವರ ಮಕ್ಕಳು ಫುಟ್‌ಬಾಲ್ ಆಡುವುದು ಕಮ್ಮಿ, ಬ್ಯಾಂಡಿನಲ್ಲಿ ಊದುವುದು ಜಾಸ್ತಿ. ನನ್ನ ಮಗಳೂ ಕ್ಲಾರಿನೆಟ್ ಊದುತ್ತಾಳೆ. ಹಾಗಾಗಿ ಚಳಿಯೋ ಮಳೆಯೋ, ನಾನೂ ನನ್ನ ಹೆಂಡತಿಯೂ ಬೆಂಚಿನ ಮೇಲೆ ಹಾಜರು.

ಹೋದ ಸೀಸನ್‌ನಲ್ಲಿ ಒಂದು ಸಲ ನಮ್ಮ ಕಡೆಯ ಗೆರೆ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಪಟ್ಟೆ ಅಂಗಿಯಲ್ಲಿ ನಿಂತಿದ್ದರು. ಥಾಮಸ್ ಮಾಡುವುದೂ ಇದೇ ಜಾಗದ ಕೆಲಸ. ಇದು ಅಂಗಳದ ಅತ್ಯಂತ ಬೈಗುಳದ ಜಾಗ, ಯಾಕೆಂದರೆ ಕೋಚ್ ನಿಂತಿರುವುದು ಬೆನ್ನಿಗೇ. ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು ಅನ್ನುವುದು ಆಟದ ಮೂಲ ಲೆಕ್ಕ. ಆ 10 ಗಜ ಅಳೆಯುವ ಸರಪಳಿ ಹಿಡಿದ ಗಂಡಸರು ಇವರ ಮಾತು ಕೇಳಬೇಕು. ಚೆಂಡು ಹಿಡಿದ ಹುಡುಗ ಬಿದ್ದ ಕೂಡಲೇ ಈಕೆ ಓಡಿ ಬಂದು, ಸರಿಯಾಗಿ ಆ ಜಾಗಕ್ಕೆ ಒಂದು ಪಾದ ಊರಿ ನಿಲ್ಲುತ್ತಿದ್ದರು. ಅರ್ಧ ಗಜ ಆಚೀಚೆ ಆದರೆ ಆಟವೇ ತಿರುಗಿಬಿಡುತ್ತದೆ. ಕೋಚ್ ಗಂಟಲು ಹರಿದುಕೊಂಡು ಕೂಗುತ್ತಿದ್ದ. ಈಕೆ ತಿರುಗಿ ನೋಡಲಿಲ್ಲ. ಪಾದ ಕದಲಲಿಲ್ಲ. ಚೆಂಡು ಇಟ್ಟ ಮೇಲೆ ನಿಧಾನಕ್ಕೆ ಹಿಂದೆ ಬಂದು, ಅಂಗೈ ತೋರಿಸಿ ಏನೋ ಎರಡು ಮಾತು ಹೇಳಿದರು. ಕೋಚ್ ಬಿಳಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಹಿಂದಿನ ಸಾಲಿನ ಅಪ್ಪನೊಬ್ಬ ಮಾತ್ರ ಕೊನೆಯವರೆಗೂ ಬೈಯುತ್ತಲೇ ಇದ್ದ. ಅವನು ಗಂಡಸು ರೆಫರಿಗೂ ಅದನ್ನೇ ಬೈಯುತ್ತಾನೆ. ಆ ಮಟ್ಟಿಗೆ ಸಮಾನತೆ ಬಂದಿದೆ ಅನ್ನಿ.

ಈ ಬೈಗುಳದಲ್ಲೇ ಒಂದು ಗುಟ್ಟಿದೆ. ಅಮೆರಿಕದ ಶಾಲಾ ಆಟಗಳಿಗೆ ರೆಫರಿಗಳೇ ಸಿಗುತ್ತಿಲ್ಲ. 2018ರಿಂದ 2022ರ ನಡುವೆ ಸುಮಾರು 50,000 ಜನ ಸೀಟಿ ಕೆಳಗಿಟ್ಟು ಹೋದರು ಅಂತ ಇಲ್ಲಿನ ಹೈಸ್ಕೂಲ್ ಸಂಘಗಳ ರಾಷ್ಟ್ರೀಯ ಒಕ್ಕೂಟವೇ ಹೇಳಿದೆ. ಕೋವಿಡ್ ಒಂದು ಕಾರಣ, ಅಪ್ಪ ಅಮ್ಮಂದಿರ ಬಾಯಿ ಇನ್ನೊಂದು. ಆಳಿಲ್ಲದ ಕಡೆ ಬಂದವರನ್ನು ಗಂಡೋ ಹೆಣ್ಣೋ ಅಂತ ಯಾರು ನೋಡುತ್ತಾರೆ? ಬಾಗಿಲು ತೆರೆದದ್ದರಲ್ಲಿ ಒಳ್ಳೆಯ ಮನಸ್ಸಿಗಿಂತ ಅನಿವಾರ್ಯದ ಪಾಲು ಜಾಸ್ತಿ. ನನ್ನ ಲೆಕ್ಕದಲ್ಲಿ ಇದು ಕೀಳೇನಲ್ಲ.

ಈಗ ನಮ್ಮ ಪಿಟಿ ಮೇಡಂ ವಿಷಯಕ್ಕೆ ಬರೋಣ. 2021ರಲ್ಲಿ ಎನ್‌ಎಫ್‌ಎಲ್ ಸೇರಿದ ಮಾಯಾ ಚಾಕಾ ಆ ಲೀಗ್‌ನ ಮೊದಲ ಕಪ್ಪು ಮಹಿಳಾ ರೆಫರಿ. ವರ್ಜೀನಿಯಾ ಬೀಚ್‌ನ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಿಟಿ ಮೇಡಂ. ಹೈಸ್ಕೂಲ್ ಆಟಗಳಿಂದ ಶುರು ಮಾಡಿ ಕಾಲೇಜು ಪಂದ್ಯಗಳಿಗೆ ಹೋದರು. 2014ರಲ್ಲಿ ಎನ್‌ಎಫ್‌ಎಲ್ ತನ್ನ ತರಬೇತಿ ಯೋಜನೆಗೆ ಆರಿಸಿಕೊಂಡಿತು. ಪಾಠ ಬಿಡಲಿಲ್ಲ, ಸೀಟಿಯೂ ಬಿಡಲಿಲ್ಲ. 2022ರಲ್ಲಿ ಬಂದ ನ್ಯೂಜೆರ್ಸಿಯ ರಾಬಿನ್ ಡಿಲೊರೆಂಜೊ ಅಂತೂ ಅಪ್ಪನ ಜೊತೆ ಶಾಲಾ ಪಂದ್ಯಗಳಿಗೆ ಹೋಗಿ ಕಲಿತವರು.

ನಾನು ಓದಿದ್ದು ಹಾಸನ ಜಿಲ್ಲೆಯಲ್ಲಿ. ನಮ್ಮ ತಾಲೂಕು ಕ್ರೀಡಾಕೂಟದಲ್ಲಿ ಖೋಖೋ, ಥ್ರೋಬಾಲ್, ಕಬಡ್ಡಿ ಎಲ್ಲಕ್ಕೂ ಸೀಟಿ ಊದುತ್ತಿದ್ದವರು ಪಿಟಿ ಮೇಷ್ಟ್ರು, ಪಿಟಿ ಮೇಡಂಗಳೇ. ಬಿಸಿಲಲ್ಲಿ ಸುಣ್ಣದ ಗೆರೆ ಎಳೆಸಿ, ಜಗಳ ಬಿಡಿಸಿ, ಚೀಟಿಯಲ್ಲಿ ಅಂಕ ಬರೆದು, ಸಂಜೆ ಕಪ್ ಹಂಚಿ ಮನೆಗೆ ಹೋಗುತ್ತಿದ್ದರು. ಅಮೆರಿಕದಲ್ಲಿ ಏಣಿಯ ಮೊದಲ ಮೆಟ್ಟಿಲು ಯಾವುದೋ ಅದು ನಮ್ಮಲ್ಲೂ ಇದೆ, ಅದರ ಮೇಲೆ ಹೆಂಗಸರು ಆಗಲೇ ನಿಂತಿದ್ದಾರೆ. ಆದರೆ ಹುಡುಗಿಯರ ಆಟಕ್ಕೆ ಮೇಡಂ, ಹುಡುಗರ ಫೈನಲ್‌ಗೆ ಮೇಷ್ಟ್ರು. ಮೇಡಂ ಎಷ್ಟು ಚೆನ್ನಾಗಿ ತೀರ್ಪು ಕೊಟ್ಟರು ಅಂತ ಯಾರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಇಲ್ಲಿ ಮೇಲಿನ ಹಂತಕ್ಕೆ ಬಂದವರ ಪ್ರತಿ ಪಂದ್ಯದ ವಿಡಿಯೊ ನೋಡಿ ಮಾರ್ಕ್ಸ್ ಹಾಕುತ್ತಾರೆ. ಒಳ್ಳೆಯ ಮಾರ್ಕ್ಸ್ ಬಂದರೆ ಮೇಲಿನವರ ಕಣ್ಣಿಗೆ ಬೀಳುತ್ತಾರೆ.

ಇನ್ನೊಂದು ವ್ಯತ್ಯಾಸ ಕಾಸಿನದ್ದು. ಚೆನ್ನೈನ ಜನನಿ ಅಂಪೈರಿಂಗ್‌ಗಾಗಿ ಸಾಫ್ಟ್‌ವೇರ್ ಕೆಲಸ ಬಿಟ್ಟವರು. ತಿಂಗಳ ಸಂಬಳ ಎಣಿಸುವ ನಮ್ಮಂಥವರಿಗೆ ಅದು ಎಂಥ ಧೈರ್ಯ ಅಂತ ಗೊತ್ತು. ರಣಜಿ ಪಂದ್ಯ ಅಂದರೆ ನಾಲ್ಕು ದಿನ, ಜೊತೆಗೆ ಪ್ರಯಾಣ. ಯಾವ ಮ್ಯಾನೇಜರ್ ರಜೆ ಕೊಡುತ್ತಾನೆ? ಫುಟ್‌ಬಾಲ್ ಹಾಗಲ್ಲ. ಹೈಸ್ಕೂಲ್ ಶುಕ್ರವಾರ, ಕಾಲೇಜು ಶನಿವಾರ, ಎನ್‌ಎಫ್‌ಎಲ್ ಬಹುಪಾಲು ಭಾನುವಾರ. ಅಲ್ಲಿನ ರೆಫರಿಗಳಲ್ಲಿ ಹೆಚ್ಚಿನವರಿಗೆ ವಾರದ ದಿನಗಳಲ್ಲಿ ಬೇರೆ ಉದ್ಯೋಗ ಇದೆ. ನೌಕರಿ ಬಿಡದೆ ಮೇಲಕ್ಕೆ ಹತ್ತುವ ಅನುಕೂಲ ಹೆಂಗಸರಿಗೆ ಇನ್ನೂ ದೊಡ್ಡದು. ನೌಕರಿ ಬಿಡ್ತೀನಿ ಅಂದರೆ ಮನೆಯಲ್ಲಿ ಮೊದಲು ಬೇಡ ಅನ್ನಿಸಿಕೊಳ್ಳುವವರು ಅವರೇ ಅಲ್ವಾ?

"ಗಂಡಸರ ಆಟ, ಮೈಕೈ ಶಕ್ತಿ ಬೇಕು" ಅನ್ನುವ ಮಾತು ಎರಡೂ ಕಡೆ ಕೇಳಿದ್ದೇನೆ. 2016ರ ಕ್ರಿಸ್‌ಮಸ್ ಹಿಂದಿನ ದಿನ ಗ್ರೀನ್ ಬೇ ಪಂದ್ಯದಲ್ಲಿ ಆಟಗಾರರು ಬಂದು ಗುದ್ದಿ ಥಾಮಸ್ ಬಿದ್ದರು, ತಲೆ ನೆಲಕ್ಕೆ ಬಡಿಯಿತು. ತಪಾಸಣೆ ಮಾಡಿಸಿಕೊಂಡು ಅದೇ ಪಂದ್ಯಕ್ಕೆ ವಾಪಸ್ ಬಂದರು. ಕ್ರಿಕೆಟ್ ಅಂಪೈರ್‌ಗೆ ಅಷ್ಟು ಓಟವೂ ಇಲ್ಲ, ಗುದ್ದೂ ಇಲ್ಲ. ಬೌಲರ್ ಟೋಪಿ ಹಿಡಿದುಕೊಂಡು ನಿಲ್ಲಬೇಕು. ಅದಕ್ಕೂ 2023 ಬೇಕಾಯಿತು ಅಂದರೆ ಅಡ್ಡಿ ಮೈಕೈ ಶಕ್ತಿಯದ್ದಲ್ಲ.

ಅಮೆರಿಕದವರಿಗೂ ಒಂದು ಕೊಕ್ಕೆ ಹಾಕಲೇಬೇಕು. "ಮೊದಲ ಮಹಿಳೆ" ಅನ್ನುವ ತಲೆಬರಹ ಅವರಿಗೆ ತುಂಬಾ ಇಷ್ಟ. 2012ರಲ್ಲಿ ಕಾಯಂ ರೆಫರಿಗಳ ಜೊತೆ ಒಪ್ಪಂದದ ಜಗಳವಾದಾಗ ಲೀಗ್ ಬದಲಿ ಜನರನ್ನು ತಂದಿತ್ತು. ಅದರಲ್ಲಿ ಶಾನನ್ ಈಸ್ಟಿನ್ ಇದ್ದರು. ಆಗಲೂ ಇದೇ ತಲೆಬರಹ. ಕಾಯಂನವರು ವಾಪಸ್ ಬಂದ ಕೂಡಲೇ ಅವರ ಕೆಲಸವೂ ಮುಗಿಯಿತು, ಸುದ್ದಿಯೂ ಮುಗಿಯಿತು. ಇವತ್ತಿಗೂ ಲೀಗ್‌ನ ಸುಮಾರು 120 ರೆಫರಿಗಳಲ್ಲಿ ಹೆಂಗಸರನ್ನು ಒಂದೇ ಕೈಯಲ್ಲಿ ಎಣಿಸಬಹುದು. ಏಳು ಜನರ ತಂಡದಲ್ಲಿ ಒಬ್ಬರು ಮಾತ್ರ ಬಿಳಿ ಟೋಪಿ ಹಾಕುತ್ತಾರೆ. ಅವರು ನಾಯಕ. ಮೈಕ್ ಒತ್ತಿ ಇಡೀ ಸ್ಟೇಡಿಯಂಗೆ ತೀರ್ಪು ಹೇಳುವುದು ಅವರೇ. ಎನ್‌ಎಫ್‌ಎಲ್‌ನಲ್ಲಿ ಆ ಟೋಪಿ ಇನ್ನೂ ಯಾವ ಹೆಂಗಸಿನ ತಲೆಗೂ ಬಂದಿಲ್ಲ. ಬಂದ ದಿನ ನಾನೇ ಗೆಳೆಯನಿಗೆ ಫೋನ್ ಮಾಡಿ, ಅಮೆರಿಕದ ಬಗ್ಗೆ ನೀನು ಹೇಳಿದ್ದರಲ್ಲಿ ಸ್ವಲ್ಪ ಸರಿ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಅವನಿಗೆ ನನ್ನದೊಂದು ಕೆಲಸ. ಅವನೀಗ ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘದಲ್ಲಿದ್ದಾನೆ, ವರ್ಷಕ್ಕೊಂದು ಕಬಡ್ಡಿ ಟೂರ್ನಿ ನಡೆಸುತ್ತಾರೆ. ಈ ಸಲ ಹುಡುಗರ ಫೈನಲ್‌ಗೆ ಪಿಟಿ ಮೇಡಂ ಅವರನ್ನೇ ರೆಫರಿ ಮಾಡಿ, ಅವರ ಭತ್ಯೆ ನಾನು ಕಳಿಸ್ತೀನಿ ಅಂದಿದ್ದೇನೆ. ಕಮಿಟಿಯಲ್ಲಿ ಕೇಳಿ ಹೇಳ್ತೀನಿ ಅಂದಿದ್ದಾನೆ.