"ವ್ಸ್ಯೋ?" ಅಂತ ಕೇಳ್ತಿದ್ದ ಮಗು

ಮೊನ್ನೆ ಸ್ಟಾಫ್ ರೂಮಲ್ಲಿ ಎಲ್ರೂ ಊಟಕ್ಕೆ ಕೂತಿದ್ವಿ, ಯಾರದೋ ಫೋನಲ್ಲಿ ಯುಕ್ರೇನ್ ವಿಡಿಯೋ ಒಂದು ಬಂತು. ಮೆಟ್ರೋ ಸ್ಟೇಷನ್ ಒಳಗೆ, ನೆಲದಡಿ, ಬಣ್ಣಬಣ್ಣದ ಬೆಂಚು ಹಾಕಿ ಪುಟ್ಟ ಮಕ್ಕಳಿಗೆ ಪಾಠ ಮಾಡ್ತಿರೋದು. ಎಲ್ರೂ ಬಗ್ಗಿ ನೋಡಿದ್ವಿ. ಒಬ್ರು ಟೀಚರ್ "ಪಾಪ ಕಣ್ರೀ" ಅಂದ್ರು, ಆಮೇಲೆ ಮೊಸರನ್ನ ಕಲಸ್ತಾ "ಆದ್ರೂ ಮಕ್ಕಳಲ್ವಾ, ಬೇಗ ಹೊಂದ್ಕೊಂಡುಬಿಡ್ತಾರೆ, ದೊಡ್ಡೋರಾದ್ಮೇಲೆ ಮರೆತೂ ಬಿಡ್ತಾರೆ ಬಿಡಿ" ಅಂದ್ರು. ಅವರು ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಮಕ್ಕಳನ್ನ ಕಂಡ್ರೆ ಅವರಿಗೆ ಪ್ರಾಣ. ಆದ್ರೂ ಆ ಮಾತು ನಂಗೆ ನುಂಗೋಕೇ ಆಗ್ಲಿಲ್ಲ. ಅಲ್ಲಿ ಏನೂ ಹೇಳ್ದೆ ಡಬ್ಬಿ ಮುಚ್ಚಿ ಎದ್ದು ಬಂದೆ. ಹೇಳ್ಬೇಕಿತ್ತು ಅಂತ ಮೂರು ದಿನದಿಂದ ಅನ್ನಿಸ್ತಿದೆ, ಅದನ್ನೇ ಇಲ್ಲಿ ಬರೀತಿದ್ದೀನಿ, ಉದ್ದ ಆದ್ರೆ ಕ್ಷಮಿಸಿ.

ನಮ್ಮಣ್ಣನ ಮಗಳು 2022ರಲ್ಲಿ ಯುಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದ್ತಿದ್ಲು. ಫೆಬ್ರವರಿ 24ರ ಬೆಳಗಿನ ಜಾವ ಬಾಂಬ್ ಸದ್ದಿಗೆ ಎದ್ದೋಳು ಏಳು ದಿನ ಒಂದು ಕಟ್ಟಡದ ಬೇಸ್‌ಮೆಂಟಲ್ಲಿದ್ಲು. ಆ ಏಳು ದಿನ ನಮ್ಮನೇಲಿ ಒಲೆ ಹಚ್ಚಿದ್ದು ಯಾರು, ಊಟ ಮಾಡಿದ್ದು ಯಾರು ಅನ್ನೋದೂ ನಂಗೆ ನೆನಪಿಲ್ಲ, ಟೀವಿ ಮುಂದೆನೇ ಇದ್ವಿ. ಮಾರ್ಚ್ 1ಕ್ಕೆ ಹಾವೇರಿ ಜಿಲ್ಲೆಯ ಮೆಡಿಕಲ್ ಹುಡುಗ ಊಟದ ಸಾಮಾನು ತರೋಕೆ ಅಂತ ಹೊರಗೆ ಬಂದೋನು ಶೆಲ್ ದಾಳಿಗೆ ತೀರ್ಕೊಂಡ. ಕರ್ನಾಟಕದೋರು ಯಾರೂ ಆ ದಿನ ಮರೆತಿರಲ್ಲ ಅನ್ಕೋತೀನಿ. ಮಾರನೇ ದಿನ ನಮ್ಮ ಎಂಬಸಿಯಿಂದ ಮೆಸೇಜ್ ಬಂತು, ಈಗಿಂದೀಗ್ಲೇ ಖಾರ್ಕಿವ್ ಬಿಡಿ, ಬಸ್ಸು ಸಿಗ್ದಿದ್ರೆ ನಡ್ಕೊಂಡಾದ್ರೂ ಹತ್ರದ ಪೆಸೋಚಿನ್ ಊರಿನ ಕಡೆ ಹೋಗಿ ಅಂತ. ನಮ್ಮ ಹುಡುಗಿ ಹಿಮದಲ್ಲಿ ನಡ್ಕೊಂಡು ಹೋದ್ಲು, ರೈಲು ಹತ್ತಿದ್ಲು, ಗಡಿ ದಾಟಿದ್ಲು, ವಿಮಾನ ಬಂತು, ಮನೆ ಸೇರಿದ್ಲು. ದೇವ್ರ ದಯೆ.

ಅವಳು ಬಂದ್ಮೇಲೆ ಹೇಳಿದ್ದು ಒಂದೇ ಕತೆ. ಅವಳಿದ್ದ ಬೇಸ್‌ಮೆಂಟಲ್ಲಿ ಆ ಊರಿನ ಸಂಸಾರಗಳೂ ಇದ್ವು. ಅದ್ರಲ್ಲಿ ಒಬ್ಬ ಆರು ವರ್ಷದ ಹುಡುಗಿ, ಅಜ್ಜಿ ಜೊತೆ. ಮೇಲೆ ಒಂದೊಂದ್ಸಲ ಢಂ ಅಂದಾಗ್ಲೂ ಆ ಮಗು ಅಜ್ಜಿ ಮುಖ ನೋಡಿ "ವ್ಸ್ಯೋ?" ಅಂತಿತ್ತಂತೆ. ಮುಗೀತಾ ಅಂತ ಅರ್ಥ. ಅಜ್ಜಿ "ವ್ಸ್ಯೋ, ವ್ಸ್ಯೋ" ಅಂತ ಬೆನ್ನು ತಟ್ಟೋರಂತೆ. ಹತ್ತು ನಿಮಿಷಕ್ಕೆ ಇನ್ನೊಂದು ಬೀಳೋದು. ಮತ್ತೆ ವ್ಸ್ಯೋ? ಮೊದಲ ಎರಡು ದಿನ ಹೀಗೇ. ಮೂರನೇ ದಿನದಿಂದ ಆ ಮಗು ಕೇಳೋದನ್ನ ನಿಲ್ಲಿಸಿಬಿಡ್ತಂತೆ. ಸದ್ದು ಆದ್ರೆ ಅಜ್ಜಿ ಕಡೆ ತಿರುಗೂ ನೋಡ್ತಿರ್ಲಿಲ್ಲ, ಮಡಿಲಲ್ಲಿದ್ದ ಗೊಂಬೆಯ ಎರಡೂ ಕಿವಿ ಬೆರಳಲ್ಲಿ ಮುಚ್ಚಿ ಸುಮ್ನೆ ಕೂತಿರೋದಂತೆ.

ಇದನ್ನ ಹೊಂದ್ಕೊಳ್ಳೋದು ಅಂತ ಕರೀತೀರಾ? ನಾನು ಇಪ್ಪತ್ತು ವರ್ಷದಿಂದ ಒಂದನೇ ಕ್ಲಾಸಿನ ಮಕ್ಕಳ ಜೊತೆ ಇರೋಳು. ಮಗು ಪ್ರಶ್ನೆ ಕೇಳೋದು ನಿಲ್ಲಿಸಿದ್ರೆ ನಂಗೆ ಅದರಷ್ಟು ಭಯ ಇನ್ಯಾವುದೂ ತರಲ್ಲ.

ನಮ್ಮ ಹುಡುಗಿ ಬಂದಳಲ್ಲ, ನಾವು ಟೀವಿ ಆಫ್ ಮಾಡಿದ್ವಿ. ಸತ್ಯ ಹೇಳ್ತೀನಿ, ಆಫ್ ಮಾಡಿ ನೆಮ್ಮದಿಯಾಗಿ ಮಲಗಿದ್ವಿ. ನಮ್ಮೋರೆಲ್ಲ ಬಂದ್ರು, ಕತೆ ಮುಗೀತು ಅನ್ನೋ ಥರ. ಅವಳು ಖಾರ್ಕಿವ್ ಬಿಟ್ಟ ಮಾರನೇ ದಿನ, ಅಂದ್ರೆ ಮಾರ್ಚ್ 3ಕ್ಕೆ, ಅದೇ ದೇಶದ ಉತ್ತರದಲ್ಲಿ ಚೆರ್ನಿಹಿವ್ ಹತ್ರ ಯಾಹಿದ್ನೆ ಅನ್ನೋ ಸಣ್ಣ ಹಳ್ಳಿಗೆ ರಷ್ಯಾ ಸೈನ್ಯ ನುಗ್ಗಿತ್ತು ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಆ ಹಳ್ಳಿ ಹೆಸರಲ್ಲೇ ಹಣ್ಣಿದೆ, ನಾವು ಬೆರ್ರಿ ಅಂತೀವಲ್ಲ ಆ ಥರದ ಕಾಡುಹಣ್ಣು. ಸೈನಿಕರು ಊರಿನ ಶಾಲೇಲಿ ಕ್ಯಾಂಪ್ ಮಾಡ್ಕೊಂಡು, ಊರಿಗೆ ಊರನ್ನೇ ಬಂದೂಕು ತೋರ್ಸಿ ತಂದು ಅದೇ ಶಾಲೆಯ ನೆಲಮಾಳಿಗೆಗೆ ತುಂಬಿದ್ರು. ಮೇಲೆ ತಾವು, ಕೆಳಗೆ ಜನ. ಕೆಳಗೆ ಜನ ಇದ್ರೆ ಯುಕ್ರೇನ್‌ನೋರು ಶಾಲೆ ಮೇಲೆ ಬಾಂಬ್ ಹಾಕಲ್ಲ ಅನ್ನೋ ಲೆಕ್ಕ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ಪ್ರಕಾರ 360 ಜನ, ಅದ್ರಲ್ಲಿ 74 ಮಕ್ಕಳು, 28 ದಿನ. ಅತೀ ಚಿಕ್ಕ ಕೂಸಿಗೆ ಒಂದೂವರೆ ತಿಂಗಳು. ಗಾಳಿ ಬರೋಕೆ ದಾರಿ ಇಲ್ಲ, ಟಾಯ್ಲೆಟ್ ಇಲ್ಲ, ಬಕೆಟ್ಟೇ ಗತಿ. ಕಾಲು ಚಾಚೋಕೆ ಜಾಗ ಇಲ್ದೆ ಕೂತೇ ನಿದ್ದೆ ಮಾಡಿದ್ರು. ನಿಂತ್ಕೊಂಡೇ ನಿದ್ದೆ ಮಾಡೋಕೆ ಗೋಡೆಗಿದ್ದ ವ್ಯಾಯಾಮದ ಕಂಬಿಗಳಿಗೆ ಸ್ಕಾರ್ಫಿಂದ ತಮ್ಮನ್ನ ತಾವೇ ಕಟ್ಕೊಂಡೋರೂ ಇದ್ರು. ಒಬ್ಬೊಬ್ಬರಿಗೆ ಸಿಕ್ಕಿದ ಜಾಗ ಹೆಚ್ಚೂಕಮ್ಮಿ ಅರ್ಧ ಚದರ ಮೀಟರ್ ಅಂತ ಓದಿದೆ.

ಅರ್ಧ ಚದರ ಮೀಟರ್ ಅಂದ್ರೆ ನಂಗೆ ತಲೆಗೇ ಹೋಗ್ಲಿಲ್ಲ. ಒಂದು ಶನಿವಾರ ಮಕ್ಕಳು ಮನೆಗೆ ಹೋದ್ಮೇಲೆ ಟೇಪ್ ಹಿಡ್ಕೊಂಡು ಕ್ಲಾಸ್‌ರೂಮ್ ನೆಲದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದೆ. ಎಪ್ಪತ್ತು ಸೆಂಟಿಮೀಟರ್ ಉದ್ದ, ಎಪ್ಪತ್ತು ಅಗಲ. ಒಳಗೆ ಕೂತೆ. ಚಕ್ಕಳಮಕ್ಕಳ ಹಾಕಿದ್ರೆ ಎರಡೂ ಮಂಡಿ ಗೆರೆಯಿಂದ ಆಚೆ. ಮಂಡಿ ಎದೆಗೆ ಒತ್ಕೊಂಡು ಕೂತ್ರೆ ಹಿಡಿಸ್ತೀನಿ. ಅರ್ಧ ಗಂಟೆ ಕೂರ್ಬೇಕು ಅಂತ ಮೊಬೈಲಲ್ಲಿ ಟೈಮರ್ ಇಟ್ಟಿದ್ದೆ, ಹನ್ನೆರಡು ನಿಮಿಷಕ್ಕೆ ಕಾಲು ಜೋಮು ಹಿಡೀತು, ಎದ್ದುಬಿಟ್ಟೆ. ನಂಗೆ ಎದ್ದೇಳೋ ಸ್ವಾತಂತ್ರ್ಯ ಇತ್ತು, ಕಿಟಕಿ ತೆರೆದಿತ್ತು, ಹೊರಗೆ ಹೊಂಗೆ ಮರದ ಗಾಳಿ ಬರ್ತಿತ್ತು.

ಆದ್ರೆ ಜಾಗ ಇಲ್ಲದ್ದು, ಗಾಳಿ ಇಲ್ಲದ್ದು ಒಂದು ಕಡೆ, ನಾನು ಹೇಳ್ಬೇಕಂತಿರೋದು ಬೇರೆ. ಆ 28 ದಿನದಲ್ಲಿ ಅಲ್ಲೇ ಒಳಗೆ ಹತ್ತು ಜನ ವಯಸ್ಸಾದೋರು ಸತ್ತರು. ಒಂದೇ ದಿನ ಅಲ್ಲ, ಒಬ್ಬರಾದ ಮೇಲೆ ಒಬ್ಬರು. ಅಲ್ಲಿದ್ದೋರು ಆಮೇಲೆ ಹೇಳಿದ್ದನ್ನ ಓದಿದ್ರೆ ಕ್ರಮ ಹೀಗಿದೆ: ಉಸಿರಾಡೋಕೆ ಗಾಳಿ ಸಾಲ್ದೆ ಮುದುಕರು ಮೊದಲು ಅಸಂಬದ್ಧ ಮಾತಾಡೋಕೆ ಶುರು ಮಾಡೋರು, ಇಲ್ಲದೋರನ್ನ ಕರೆಯೋರು, ಆಮೇಲೆ ಸುಮ್ಮನಾಗೋರು, ಆಮೇಲೆ ಇಲ್ಲ. ಹೆಣ ತಕ್ಷಣ ಹೊರಗೆ ತಗೊಂಡು ಹೋಗೋಕೂ ಸೈನಿಕರ ಅಪ್ಪಣೆ ಬೇಕು, ಹೂಳೋಕೂ ಅಪ್ಪಣೆ ಬೇಕು.

ಈಗ ಆ ಜಾಗದಲ್ಲಿ ಐದಾರು ವರ್ಷದ ಮಗು ಒಂದನ್ನ ಕೂರ್ಸಿ ನೋಡಿ. ಮೊದಲ ಅಜ್ಜ ಸತ್ತಾಗ ಅದಕ್ಕೆ ಏನಾಯ್ತು ಅಂತ ಗೊತ್ತಾಗಿರಲ್ಲ. ಎರಡನೇ ಸಲ ಸ್ವಲ್ಪ ಗೊತ್ತಾಗಿರತ್ತೆ. ಮಕ್ಕಳು ಕ್ರಮ ಹಿಡಿಯೋದ್ರಲ್ಲಿ ನಮಗಿಂತ ಚುರುಕು, ಪದ್ಯ ಎರಡು ಸಲ ಹೇಳಿಕೊಟ್ರೆ ಮೂರನೇ ಸಲ ಮುಂದಿನ ಸಾಲು ಅವೇ ಹೇಳ್ತಾವೆ. ಹಾಗೇ ಇದೂ. ಪಕ್ಕದಲ್ಲಿ ಕೂತ ಅಜ್ಜಿ ರಾತ್ರಿ ಯಾರನ್ನೋ ಕರೆಯೋಕೆ ಶುರು ಮಾಡಿದ ತಕ್ಷಣ ಆ ಮಗುಗೆ ಮುಂದಿನದು ಏನು ಅಂತ ಗೊತ್ತಾಗಿಬಿಟ್ಟಿರತ್ತೆ. ಆ ಅಜ್ಜಿ ಅದಕ್ಕೆ ದಿನಾ ಪರಿಚಯ ಇದ್ದೋರು, ಬಿಸ್ಕೆಟ್ ಕೊಟ್ಟೋರು, ಅದೇ ಬೀದಿಯೋರು. ಗೊತ್ತಿದ್ರೂ ಎದ್ದು ಹೋಗೋ ಹಾಗಿಲ್ಲ, ತಪ್ಪಿಸೋ ಹಾಗಿಲ್ಲ. ದೊಡ್ಡೋರು "ಮಲಗಿದ್ದಾರೆ ಕಣೋ" ಅಂತ ಸುಳ್ಳು ಹೇಳೋಕೂ ಆಗಲ್ಲ, ಅರ್ಧ ಮೀಟರ್ ದೂರದಲ್ಲಿದ್ದಾರೆ.

ಬಾಗಿಲ ಪಕ್ಕದ ಗೋಡೆ ಫೋಟೋ ನೀವೂ ನೋಡಿರಬಹುದು. ಜನ ಅಲ್ಲಿ ಇದ್ದಿಲಲ್ಲಿ ಕ್ಯಾಲೆಂಡರ್ ಬರೆದ್ರು, ಇಲ್ಲದಿದ್ರೆ ಕತ್ತಲಲ್ಲಿ ದಿನ ಯಾವುದು ಅಂತ ಮರೆತುಹೋಗತ್ತೆ. ಬಾಗಿಲ ಒಂದು ಪಕ್ಕ ಸೈನಿಕರು ಕೊಂದೋರ ಹೆಸರು, ಇನ್ನೊಂದು ಪಕ್ಕ ಒಳಗೆ ಉಸಿರುಗಟ್ಟಿ ಸತ್ತೋರ ಹೆಸರು. ಅದೇ ನೆಲಮಾಳಿಗೆ ಗೋಡೆಗಳ ಮೇಲೆ ಮಕ್ಕಳ ಚಿತ್ರಗಳೂ ಇವೆ. ನಾನು ಆ ಫೋಟೋಗಳನ್ನ ದೊಡ್ಡದು ಮಾಡಿ ಮಾಡಿ ನೋಡಿದ್ದೀನಿ. ನಮ್ಮ ಕ್ಲಾಸ್ ಮಕ್ಕಳು ಗೋಡೆ ಮೇಲೆ ಗೀಚ್ತಾರಲ್ಲ, ಅದೇ ಕೈ. ದೇಶ ಯಾವುದಾದ್ರೇನು, ಆರು ವರ್ಷದ ಕೈ ಗೆರೆ ಎಳೆಯೋದು ಒಂದೇ ಥರ. ಕ್ಯಾಲೆಂಡರ್ ಮಾರ್ಚ್ 31ಕ್ಕೆ ನಿಲ್ಲತ್ತೆ, ಪಕ್ಕದಲ್ಲಿ "ನಮ್ಮೋರು ಬಂದ್ರು" ಅಂತ ಬರ್ದಿದ್ದಾರೆ.

ಮರೀತಾರೆ ಅನ್ನೋ ಮಾತಿಗೆ ವಾಪಸ್ ಬರ್ತೀನಿ. ಈ ಮಾತನ್ನ ಹಿಂದೇನೂ ಅಂದಿದ್ರು, ತಜ್ಞರೇ ಅಂದಿದ್ರು. 1976ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಅನ್ನೋ ಊರಲ್ಲಿ ಶಾಲಾ ಬಸ್ಸನ್ನೇ ಅಪಹರಣ ಮಾಡಿ 26 ಮಕ್ಕಳು ಮತ್ತೆ ಡ್ರೈವರನ್ನ ಒಂದು ಕಲ್ಲುಕ್ವಾರಿಯಲ್ಲಿ ಹೂತಿದ್ದ ಲಾರಿ ಪೆಟ್ಟಿಗೆಯೊಳಗೆ ಇಳಿಸಿದ್ರು. ಸುಮಾರು 16 ಗಂಟೆ ಮಣ್ಣಿನ ಕೆಳಗೆ. ಹಾಸಿಗೆ ಒಂದರ ಮೇಲೊಂದು ಪೇರಿಸಿ ಮೇಲಿನ ಮುಚ್ಚಳ ತಳ್ಳಿ ಮಣ್ಣು ಅಗೆದು ತಾವೇ ಹೊರಗೆ ಬಂದ್ರು, ಒಂದು ಮಗುವೂ ಸಾಯಲಿಲ್ಲ. ಎಲ್ರೂ ಸಂಭ್ರಮಪಟ್ರು, ಮಕ್ಕಳನ್ನ ಡಿಸ್ನಿಲ್ಯಾಂಡ್ ಟ್ರಿಪ್ಪಿಗೂ ಕರ್ಕೊಂಡು ಹೋದ್ರು, ಎಲ್ಲ ಸರಿಹೋಗತ್ತೆ ಅಂದ್ಕೊಂಡ್ರು. ಲೆನೋರ್ ಟೆರ್ ಅನ್ನೋ ಮಕ್ಕಳ ಮನೋವೈದ್ಯೆ ಕೆಲವು ತಿಂಗಳ ಮೇಲೆ ಆ ಊರಿಗೆ ಹೋಗಿ ಒಂದೊಂದೇ ಮಗು ಜೊತೆ ಕೂತು ಮಾತಾಡಿದ್ರು, ನಾಲ್ಕೈದು ವರ್ಷ ಬಿಟ್ಟು ಮತ್ತೆ ಹೋಗಿ ಮಾತಾಡಿದ್ರು. ಒಂದು ಮಗುವೂ ಪೂರ್ತಿ ಪಾರಾಗಿರ್ಲಿಲ್ಲ. ಆಟದಲ್ಲಿ ಅದೇ ಬಸ್ಸು, ಅದೇ ಅಪಹರಣ, ಮತ್ತೆ ಮತ್ತೆ. ತಾವು ದೊಡ್ಡೋರಾಗ್ತೀವಿ, ಮದುವೆ ಆಗ್ತೀವಿ ಅನ್ನೋ ನಂಬಿಕೆನೇ ಕೆಲವ್ರಲ್ಲಿ ಸತ್ತುಹೋಗಿತ್ತು.

ಅದು ಒಂದೇ ಒಂದ್ಸಲ ಆಗಿದ್ದು. ಅದೇ ವೈದ್ಯೆ ಮುಂದೆ 1991ರಲ್ಲಿ ಬರೆದಿದ್ದು ಓದಿದಾಗ ನಂಗೆ ಆ ಗೊಂಬೆ ಹುಡುಗಿ ಕಣ್ಮುಂದೆ ಬಂದ್ಲು. ಒಂದು ಸಲದ ಆಘಾತ ಬೇರೆ, ಮತ್ತೆ ಮತ್ತೆ ಆಗೋ ಆಘಾತ ಬೇರೆ ಅಂತಾರೆ ಅವರು. ಒಂದು ಸಲ ಆದ್ರೆ ಮಗುಗೆ ಅದು ಚಿತ್ರದ ಹಾಗೆ ಸ್ಪಷ್ಟವಾಗಿ ನೆನಪಿರತ್ತೆ. ಮತ್ತೆ ಮತ್ತೆ ಆದ್ರೆ ಮಗು ಮುಂದಿನದಕ್ಕೆ ಮೊದಲೇ ಮರಗಟ್ಟಿಕೊಂಡು ಕಾಯತ್ತೆ, ಅಳು ನಿಲ್ಲತ್ತೆ, ಏನೂ ಅನ್ನಿಸದ ಹಾಗೆ ತನ್ನನ್ನೇ ಮಾಡ್ಕೊಳತ್ತೆ, ಇಲ್ಲಾ ಸಿಟ್ಟು ತುಂಬ್ಕೊಳತ್ತೆ. ಹೊರಗಿಂದ ನೋಡೋ ನಮಗೆ "ಅಬ್ಬಾ ಎಷ್ಟು ಧೈರ್ಯದ ಮಗು, ಅಳೋದೇ ಇಲ್ಲ" ಅನ್ಸತ್ತೆ. ನನ್ನ ಕ್ಲಾಸಲ್ಲೂ ಇಂಥ ಮಗು ಬಂದಿದ್ರೆ ಗಲಾಟೆ ಮಾಡಲ್ಲ, ಒಳ್ಳೆ ಮಗು ಅಂತ ಹಿಂದಿನ ಸಾಲಲ್ಲಿ ಕೂರ್ಸಿಬಿಟ್ಟಿದ್ದೀನೇನೋ, ಮನೇಲಿ ದಿನಾ ಕುಡಿದು ಹೊಡೆಯೋ ಅಪ್ಪಂದಿರು ನಮ್ಮೂರಲ್ಲೂ ಇದ್ದಾರಲ್ಲ. ಇದನ್ನ ನೆನೆಸ್ಕೊಂಡು ಎರಡು ರಾತ್ರಿ ನಿದ್ದೆ ಬಂದಿಲ್ಲ ನಂಗೆ.

ಇನ್ನು ಆ ವಿಡಿಯೋ. ಅದು ಖಾರ್ಕಿವ್‌ದೇ. ರಷ್ಯಾ ಗಡಿ ಅಲ್ಲಿಂದ 30-40 ಕಿಲೋಮೀಟರ್, ನಮ್ಮ ಹಾಸನದಿಂದ ಬೇಲೂರಿನಷ್ಟು. ಗಡಿ ಆಚೆಯಿಂದ ಬಿಟ್ಟ ಮಿಸೈಲ್ ಒಂದು ನಿಮಿಷದೊಳಗೆ ಬಂದು ಬೀಳತ್ತೆ, ಎಷ್ಟೋ ಸಲ ಬಿದ್ದ ಮೇಲೆ ಸೈರನ್ ಕೂಗತ್ತೆ. ಅಲ್ಲಿನ ಮಕ್ಕಳು 2020ರ ಕೊರೋನಾದಿಂದ ಶಾಲೆ ಮುಖ ಸರಿಯಾಗಿ ನೋಡಿರ್ಲಿಲ್ಲ, ಅದು ಮುಗೀತು ಅನ್ನೋ ಅಷ್ಟೊತ್ತಿಗೆ ಯುದ್ಧ. ಅದಕ್ಕೇ 2023ರ ಸೆಪ್ಟೆಂಬರಿಂದ ಮೆಟ್ರೋ ಸ್ಟೇಷನ್‌ಗಳಲ್ಲೇ ಕ್ಲಾಸ್ ಶುರು ಮಾಡಿದ್ರು, ಸಾವಿರಕ್ಕೂ ಹೆಚ್ಚು ಮಕ್ಕಳು ಬಂದ್ರು. 2024ರ ಮೇನಲ್ಲಿ ಪೂರ್ತಿ ನೆಲದಡಿಯೇ ಕಟ್ಟಿದ ಶಾಲೆ ತೆರೆದ್ರು. ಆ ಟೀಚರ್‌ಗಳಿಗೆ ನಾನು ಇಲ್ಲಿಂದಲೇ ಕೈ ಮುಗೀತೀನಿ. ಮಗು ಒಂಟಿಯಾಗಿ ಮೊಬೈಲ್ ಮುಂದೆ ಕೂರೋದಕ್ಕಿಂತ ನಾಲ್ಕು ಮಕ್ಕಳ ಜೊತೆ ಕೆಳಗೆ ಕೂತು ನಗೋದು ಸಾವಿರ ಪಾಲು ಮೇಲು. ಹೊರಗೆ ಬಿದ್ದದ್ದರ ಸದ್ದು ಒಳಗೆ ಕೇಳಲ್ಲ ಅನ್ನೋದೇ ಅಲ್ಲಿನ ತಾಯಂದಿರಿಗೆ ದೊಡ್ಡ ಸಮಾಧಾನ ಅಂತೆ.

ಹಾಗಂತ ಆ ಬಣ್ಣದ ಬೆಂಚು ನೋಡಿ ನಾವಿಲ್ಲಿ ಮೊಸರನ್ನ ತಿಂತಾ ಹೊಂದ್ಕೊಂಡ್ರು ಅಂತ ತೀರ್ಪು ಕೊಡಬಾರದು ಅಂತಷ್ಟೇ ನನ್ನ ಸಂಕಟ. ಕಿಟಕಿ ಇಲ್ಲದ ಕ್ಲಾಸು ಅದು. ಮಳೆ ಬರ್ತಿದೆಯಾ ಬಿಸಿಲಿದೆಯಾ ಅಂತ ಮಕ್ಕಳಿಗೆ ಗೊತ್ತಾಗಲ್ಲ. ದಿನಾ ಬೆಳಿಗ್ಗೆ ಆ ಮೆಟ್ಟಿಲು ಇಳಿಯುವಾಗ್ಲೆಲ್ಲ ಯಾಕೆ ಇಳೀತಿದ್ದೀವಿ ಅಂತ ಮಾತ್ರ ಒಂದೊಂದು ಮಗುಗೂ ಚೆನ್ನಾಗಿ ಗೊತ್ತು.

ನಮ್ಮ ಹುಡುಗಿ ಅಲ್ಲಿದ್ದಿದ್ದು ಬರೀ ಏಳು ದಿನ, ಇಪ್ಪತ್ತು ವರ್ಷ ಆಗಿತ್ತು, ಓದಿದೋಳು, ಮನೆಗೆ ವಾಪಸ್ ಬಂದೋಳು. ಅಂಥೋಳು ಈಗ್ಲೂ ದೀಪಾವಳಿ ಮೂರು ದಿನ ಸಂಜೆ ಆಯ್ತು ಅಂದ್ರೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕ್ಕೊಂಡು ನಲ್ಲಿ ಬಿಟ್ಕೊಂಡು ಕೂರ್ತಾಳೆ, ನೀರಿನ ಸದ್ದಿಗೆ ಪಟಾಕಿ ಕಮ್ಮಿ ಕೇಳ್ಲಿ ಅಂತ. ಮೊದಲ ವರ್ಷ ನಾವು ಬೈದ್ವಿ, ಆಮೇಲೆ ಅರ್ಥ ಆಯ್ತು. ಹೋದ ದೀಪಾವಳಿಗೆ ಬಾಗಿಲಾಚೆ ನಾನೂ ಒಂದು ಮಣೆ ಹಾಕ್ಕೊಂಡು ಕೂತಿದ್ದೆ. ರಾತ್ರಿ ಹತ್ತೂವರೆ ಹೊತ್ತಿಗೆ ಬೀದಿ ತಣ್ಣಗಾಯ್ತು. ಒಳಗೆ ನಲ್ಲಿ ನಿಂತ್ತು.

"ಅತ್ತೆ, ಆ ಹುಡುಗಿ ಈಗ ಹತ್ತು ವರ್ಷದ ಹತ್ರ ಬಂದಿರ್ತಾಳೆ ಅಲ್ವಾ" ಅಂದ್ಲು ಒಳಗಿಂದ. ಹೂಂ ಅಂದೆ. "ನಾವು ಹೊರಡೋವಾಗ ಬ್ಯಾಗ್ ಹಾಕ್ಕೊಂಡಿದ್ದು ನೋಡಿ ಎದ್ದು ನಿಂತ್ಕೊಂಡ್ಲು ಅತ್ತೆ. ಮೂರನೇ ದಿನದಿಂದ ಬಾಯೇ ಬಿಟ್ಟಿರ್ಲಿಲ್ಲ. ನನ್ನ ನೋಡಿ ವ್ಸ್ಯೋ ಅಂತ ಕೇಳಿದ್ಲು. ನಾವು ಹೊರಡ್ತಿದ್ದೀವಿ ಅಂದ್ರೆ ಮುಗೀತು ಅಂತ ಅನ್ಕೊಂಡಿದ್ಲು."

ನೀನೇನಂದೆ ಅಂತ ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಚಿಲಕ ತೆಗೆದು ಬಂದ್ಲು, ಇಬ್ರೂ ಅಡುಗೆಮನೇಲಿ ಕೂತು ತಣ್ಣಗಾಗಿದ್ದ ಹೋಳಿಗೆ ತಿಂದ್ವಿ.