ನೀರಿಗೆ ಯಾವ ನೀಲಿ?

'ಅಕ್ರಿಲಿಕ್‌ನಲ್ಲಿ ನೀರು ಬರೆಯೋದು ತುಂಬಾ ಸುಲಭ' ಅಂತ ಶುರುವಾಗುವ ವಿಡಿಯೋಗಳ ಮೇಲೆ ನನಗೊಂದು ತಕರಾರಿದೆ. ಅಕ್ರಿಲಿಕ್ ಅಂದರೆ ನೀರಿನಲ್ಲಿ ಕಲಸಿ ಬಳಿಯುವ, ಬೇಗ ಒಣಗುವ ಬಣ್ಣ. ಮೊದಲು ಅಗಲದ ಬ್ರಷ್ ತೆಗೆದುಕೊಂಡು ಕ್ಯಾನ್ವಾಸಿನ ಕೆಳಗಿನ ಅರ್ಧಕ್ಕೆ ನೀಲಿ ಬಳಿಯುತ್ತಾರೆ. ಅಷ್ಟು ಯಾರ ಕೈಲಾದರೂ ಆಗುತ್ತದೆ. ಆಮೇಲೆ ಸಂಗೀತ ಬದಲಾಗುತ್ತದೆ. ಕೈ ಸರ್ರನೆ ಓಡಾಡುತ್ತದೆ. ಕಿಟಕಿಯ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿರುತ್ತದೆ. ಕ್ಯಾನ್ವಾಸಿನಲ್ಲಿ ಆಗಲೇ ಕೆರೆ ತುಂಬಿ, ಮರಗಳ ಬಿಂಬ ತೆಳ್ಳಗೆ ನಡುಗುತ್ತಿರುತ್ತದೆ. 'ಈಗ ಅಲ್ಲಲ್ಲಿ ಸ್ವಲ್ಪ ಬಿಳಿ ಇಟ್ಟರೆ ಆಯ್ತು' ಅನ್ನುತ್ತದೆ ದನಿ. ನೀಲಿಗೂ ಬಿಳಿಗೂ ನಡುವೆ ಏನಾಯ್ತು ಸ್ವಾಮಿ? ಕಲಿಯಬೇಕಾಗಿದ್ದು ಅದೇ ಅಲ್ವಾ?

ಅವರು ಕತ್ತರಿಸಿ ಬಿಸಾಡಿದ ಆ ಹೊತ್ತಿನಲ್ಲೇ ಅಕ್ರಿಲಿಕ್‌ನ ಎಲ್ಲ ರಗಳೆಯೂ ಇರುವುದು. ಎಣ್ಣೆ ಬಣ್ಣ ದಿನಗಟ್ಟಲೆ ಹಸಿಯಾಗಿದ್ದು ಕಾಯುತ್ತದೆ. ಅಕ್ರಿಲಿಕ್ ಮಾತ್ರ ಚಪ್ಪಲಿ ಮೆಟ್ಟಿಕೊಂಡೇ ಕೂತ ನೆಂಟರ ಜಾತಿ. ಆಕಾಶದ ನೀಲಿಯನ್ನೂ ಮರದ ಹಸಿರನ್ನೂ ಒಂದರೊಳಗೊಂದು ಕರಗಿಸೋಣ ಅಂತ ಬ್ರಷ್ ತೊಳೆದು ಬರುವಷ್ಟರಲ್ಲಿ ಹಸಿರಿನ ಅಂಚು ಒಣಗಿ ಗೆರೆಯಾಗಿರುತ್ತದೆ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಅನ್ನುತ್ತಾರೆ. ಚಿಮುಕಿಸಿದರೆ ಒಂದು ಹನಿ ಜಾರಿ, ಕೆರೆಯ ಮಧ್ಯೆ ಯಾರೂ ಕೇಳದ ಝರಿ ಹರಿಯುತ್ತದೆ. ಇನ್ನೊಂದು ಕಾಟವೂ ಇದೆ. ಹಸಿಯಲ್ಲಿ ಸರಿಯೆನಿಸಿದ ಬಣ್ಣ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಬಣ್ಣವನ್ನು ಹಿಡಿದಿಡುವ ಅಂಟು ಹಸಿಯಲ್ಲಿ ಬೆಳ್ಳಗೆ ಮಬ್ಬಾಗಿದ್ದು, ಒಣಗುತ್ತಾ ತಿಳಿಯಾಗುವುದೇ ಇದಕ್ಕೆ ಕಾರಣ. ಮಬ್ಬು ಹೋದ ಮೇಲೆ ಅಸಲಿ ಬಣ್ಣ ಕಾಣುತ್ತದೆ. ಬೆಳಗಿನ ಕೆರೆ ಬರೆದು ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಅಲ್ಲಿ ಸಂಜೆ.

ಬಿಂಬದ ವಿಷಯಕ್ಕೆ ಬಂದರಂತೂ ಕೊಡುವ ಉಪಾಯ ಒಂದೇ: ಕ್ಯಾನ್ವಾಸನ್ನು ತಲೆಕೆಳಗು ಮಾಡಿ, ಮೇಲಿದ್ದದ್ದನ್ನೇ ಮತ್ತೆ ಬರೆಯಿರಿ. ಇದು ಅರ್ಧ ಸುಳ್ಳು. ದಡದಲ್ಲಿ ನಿಂತವರಿಗೆ ಸೇತುವೆಯ ಮೇಲ್ಭಾಗ ಕಾಣುತ್ತದೆ. ನೀರಿನಲ್ಲಿ ಅದರ ಹೊಟ್ಟೆ ಕಾಣುತ್ತದೆ, ಪಾಚಿ ಕಟ್ಟಿದ ಕಲ್ಲುಗಳ ಸಮೇತ. ಮರದ ಹಿಂದೆ ಇಣುಕುವ ಗುಡ್ಡ ಬಿಂಬದಲ್ಲಿ ಆ ಮರದ ಹಿಂದೆಯೇ ಅಡಗಿಬಿಡಬಹುದು. ನಾವು ಎಷ್ಟು ಎತ್ತರದಿಂದ ನೋಡುತ್ತೇವೋ ಅಷ್ಟೇ ಆಳದಿಂದ ಯಾರೋ ಮೇಲಕ್ಕೆ ನೋಡುತ್ತಿದ್ದಾರೆ ಅಂದುಕೊಳ್ಳಿ, ಅವರಿಗೆ ಕಂಡದ್ದೇ ಬಿಂಬ. ಜೊತೆಗೆ ಕಪ್ಪು ದೋಣಿ ನೀರಲ್ಲಿ ಸ್ವಲ್ಪ ತಿಳಿಯಾಗುತ್ತದೆ, ಬಿಳಿ ಗೋಡೆ ಸ್ವಲ್ಪ ಮಂಕಾಗುತ್ತದೆ. ತಲೆಕೆಳಗು ಉಪಾಯದವರು ಇದನ್ನೆಲ್ಲ ಹೇಳುವುದಿಲ್ಲ. ಹೇಳಿದರೆ 'ಸುಲಭ' ಅನ್ನುವ ಹಾಗಿಲ್ಲವಲ್ಲ.

ಇಂಥ ಸುಲಭದ ಮಾತು ಕೇಳಿದಾಗೆಲ್ಲ ನನಗೆ ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ನೆನಪಾಗುತ್ತಾನೆ. 1967ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿದ್ದಾಗ, ಅವನು ಒಂದು ಈಜುಕೊಳ ಬರೆದ. ಅದೂ ಅಕ್ರಿಲಿಕ್‌ನಲ್ಲೇ. ಹೆಸರು 'ಎ ಬಿಗ್ಗರ್ ಸ್ಪ್ಲಾಶ್'. ಎರಡು ಮೀಟರಿಗೂ ಹೆಚ್ಚು ಉದ್ದ, ಅಷ್ಟೇ ಅಗಲ. ಹಿಂದೆ ಒಂದು ಚಪ್ಪಟೆ ಮನೆ, ಎರಡು ತಾಳೆಮರ, ಒಂದು ಖಾಲಿ ಕುರ್ಚಿ, ಮುಂದೆ ನೀರಿಗೆ ಧುಮುಕಲು ಚಾಚಿದ ಹಳದಿ ಹಲಗೆ. ಮನುಷ್ಯರಿಲ್ಲ. ಯಾರೋ ಈಗಷ್ಟೇ ಧುಮುಕಿದ್ದಾರೆ, ನೀರು ಮೇಲೆದ್ದಿದೆ, ಅಷ್ಟೇ. ಕೊಳದ ನೀಲಿಯನ್ನು ರೋಲರ್‌ನಲ್ಲಿ ಉರುಳಿಸಿದ್ದಾನೆ, ಗೋಡೆಗೆ ಸುಣ್ಣ ಹೊಡೆಯುವವರ ಹಾಗೆ ನಿರಾಳವಾಗಿ. ಆ ಚಿಮ್ಮಿದ ನೀರಿಗೆ ಮಾತ್ರ ಸಣ್ಣ ಬ್ರಷ್‌ಗಳನ್ನು ಹಿಡಿದು ಸುಮಾರು ಎರಡು ವಾರ ಕೂತಿದ್ದಾನೆ. ಎರಡು ಸೆಕೆಂಡಿನಲ್ಲಿ ಮುಗಿದುಹೋಗುವ ವಿಷಯಕ್ಕೆ ಎರಡು ವಾರ! ಒಂದೊಂದು ಬಿಳಿ ಎಳೆಯನ್ನೂ ಎಳೆದು, ಒಂದೊಂದು ಹನಿಯನ್ನೂ ಇಟ್ಟು. ಬ್ರಷ್ ಅದ್ದಿ ಕ್ಯಾನ್ವಾಸಿಗೆ ಎರಚಿದ್ದರೆ ಒಂದೇ ಏಟಿಗೆ ಆಗುತ್ತಿತ್ತು. ಅವನಿಗೆ ಅದು ಬೇಡವಾಗಿತ್ತು.

ಆ ಚಿತ್ರದಲ್ಲಿ ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಡುವುದು ಬೇರೆ. ಕೊಳದಲ್ಲಿ ಬಿಂಬವೇ ಇಲ್ಲ. ಮನೆಯದಿಲ್ಲ, ತಾಳೆಮರದ್ದಿಲ್ಲ, ಪಕ್ಕದಲ್ಲೇ ಚಾಚಿಕೊಂಡ ಹಲಗೆಯದೂ ಇಲ್ಲ. ಬರೀ ನೀಲಿ. ಆದರೂ ಅದನ್ನು ನೀರಲ್ಲ ಅನ್ನುವವರು ಯಾರೂ ಇಲ್ಲ. ಇದೇ ನೀಲಿಯನ್ನು ನೀವೋ ನಾನೋ ಬಳಿದು ತೋರಿಸಿದರೆ, 'ಇನ್ನೂ ಮುಗಿದಿಲ್ವಾ?' ಅಂತ ಕೇಳುತ್ತಾರೆ.

ಅವನ ಹುಚ್ಚು ಅಲ್ಲಿಗೂ ನಿಲ್ಲಲಿಲ್ಲ. 1988ರಲ್ಲಿ ಹಾಲಿವುಡ್‌ನ ರೂಸ್‌ವೆಲ್ಟ್ ಹೋಟೆಲಿನ ಈಜುಕೊಳವನ್ನು ಬರಿದು ಮಾಡಿಸಿ, ಅದರ ತಳದ ಮೇಲೇ ನೀಲಿ ಸುರುಳಿ ಗೆರೆಗಳನ್ನು ಬರೆದ. ಆಮೇಲೆ ಮೇಲೆ ನೀರು ತುಂಬಿಸಿದರು. ಕೆಳಗೆ ಬರೆದ ಅಲೆ, ಮೇಲೆ ನಿಜವಾದ ಅಲೆ. ನಿಜವಾದದ್ದು ಅಲುಗಾಡಿದಾಗ ಬರೆದದ್ದೂ ಬಳುಕುತ್ತದೆ. ನೀರಿನಂತೆ ಕಾಣುವ ಚಿತ್ರಕ್ಕೆ ಜನ ಒದ್ದಾಡುತ್ತಿದ್ದರೆ, ಈ ಪುಣ್ಯಾತ್ಮ ಚಿತ್ರದ ಮೇಲೆ ನೀರನ್ನೇ ಸುರಿಸಿ ಕೈ ತೊಳೆದುಕೊಂಡ. ಅದರಲ್ಲಿ ಈಜಿದವರಿಗೆ ಬಣ್ಣ ಒಣಗಿದೆಯೋ ಇಲ್ಲವೋ ಅನ್ನುವ ಚಿಂತೆಯೂ ಇರಲಿಲ್ಲ. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ. ಈ ಬಣ್ಣದ ಬಗ್ಗೆ ನಾನು ಆಡಬಹುದಾದ ಒಂದೇ ಒಳ್ಳೆ ಮಾತು ಇದು. ಅದನ್ನೂ ಬ್ರಷ್ ತೊಳೆಯದೆ ಮಲಗಿದ ರಾತ್ರಿ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಹೊಸದಾಗಿ ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: 'ನೀರಿಗೆ ಯಾವ ನೀಲಿ ತಗೋಬೇಕು?' ಬಿಂಬ ಕೇಳಲ್ಲ, ಅಲೆ ಕೇಳಲ್ಲ, ಟ್ಯೂಬ್ ಕೇಳುತ್ತಾರೆ. ಕಾಲ ಬಳಿ ನೇರ ಕೆಳಗೆ ನೋಡಿದರೆ ನೀರು ಬಿದ್ದ ಬೆಳಕಿನಲ್ಲಿ ಶೇಕಡಾ 2ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಅಲ್ಲಿ ಕಾಣುವುದು ಕಲ್ಲು, ಕೆಸರು, ಕೊಳೆತ ಎಲೆ. ದೂರ ನೋಡಿದಷ್ಟೂ ಬಿಂಬ ಜಾಸ್ತಿ, ಅಲ್ಲಿ ಆಕಾಶ. ಅಂದರೆ ಕಂದು ಬೇಕು, ಹಸಿರು ಬೇಕು, ಮೋಡವಿದ್ದರೆ ಬೂದು ಬೇಕು. ಇಷ್ಟು ಹೇಳಿದ ಮೇಲೂ 'ಅದು ಸರಿ, ನೀಲಿ ಯಾವುದು?' ಅನ್ನುತ್ತಾರೆ. ಯಾವುದಾದರೂ ತಗೊಳ್ಳಿ. ಥಾಲೋ ಬ್ಲೂ ಅನ್ನುವ ಆ ಕಡು ಗಾಢ ನೀಲಿ ಒಂದು ಬೇಡ. ಸಾಸಿವೆ ಕಾಳಿನಷ್ಟು ಬಿದ್ದರೂ ಪ್ಯಾಲೆಟ್ಟು, ಬ್ರಷ್ಷು, ತೊಳೆಯುವ ನೀರು, ಅಂಗಿಯ ತೋಳು ಎಲ್ಲ ಅದರದೇ. ಆಮೇಲೆ ಬಟ್ಟೆ ಒಗೆಯುವವರಿಗೆ ಉತ್ತರ ಕೊಡಬೇಕಾದವರು ನೀವು, ನಾನಲ್ಲ.